‘ಯಾರ ಪೈಕಿ?’ ಎಂದು ಕೇಳದ ಊಟ

ಹಿರೇಕೆರೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಕ್ಷೇತ್ರಕಾರ್ಯಕ್ಕೆಂದು ಬೆಳಿಗ್ಗೆಯಿಂದ ಅಲೆದು ಹಸಿವಾಗಿತ್ತು. ತಾಟಿನಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮೊಸರು. ರೊಟ್ಟಿ ಮುಗಿಯುವ ಮೊದಲೇ ಮಾಲಕರು ಬಂದು ‘ಇನ್ನೊಂದ್ ಹಾಕ್ಲೇನವಾ?’ ಎಂದರು. ಹಾಕಿಸಿಕೊಂಡೆ. ‘ಯಾವ ಊರವಾ?’ ಎಂದರು. ಹಾನಗಲ್ಲ ಕಡೆ ಎಂದೆ. ‘ಯಾರ ಪೈಕಿ?’ ಎಂದರು.

ನಮ್ಮ ಭಾಗದಲ್ಲಿ ಬೆಳೆದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಕೆಲವೊಮ್ಮೆ ಅದು ಬೀಗರು ಬಿಜ್ಜರನ್ನು ಹುಡುಕುವ ಅಕ್ಕರೆಯ ಮಾತು. ಕೆಲವೊಮ್ಮೆ ಜಾತಿ ಕೇಳುವ ನಯದ ದಾರಿ. ಅವರು ಯಾವ ಅರ್ಥದಲ್ಲಿ ಕೇಳಿದರೋ ತಿಳಿಯದು. ನಾನು ಅಪ್ಪ ನೌಕರಿ ಮಾಡಿದ ಊರಿನ ಹೆಸರು ಹೇಳಿ ಮಾತು ತಿರುಗಿಸಿದೆ. ಮೂರನೆಯ ರೊಟ್ಟಿಯ ರುಚಿ ಮಾತ್ರ ನನಗೆ ತಿಳಿಯಲಿಲ್ಲ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಊಟದ ಹೋಟೆಲುಗಳ ಚರಿತ್ರೆ ನನ್ನ ಸಂಶೋಧನೆಯ ವಿಷಯ. ಮಾತಾಡಿಸಿದ ಬಹುತೇಕ ಜನ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ‘ಹೈವೇ ಮ್ಯಾಲಿನ ಆ ದೊಡ್ಡ ಹೋಟೆಲಿನ್ಯಾಗ ರುಚಿ ಇಲ್ರಿ, ಬರೇ ರೊಕ್ಕ.’ ಆದರೆ ಹುಬ್ಬಳ್ಳಿಗೆ ಹೋಗಿ ಬರುವಾಗ ಅವರ ಗಾಡಿ ನಿಲ್ಲುವುದೂ ಅಲ್ಲಿಯೇ. ಹಾಗಾದರೆ ಅವರು ಅಲ್ಲಿ ರೊಕ್ಕ ಕೊಟ್ಟು ಕೊಳ್ಳುತ್ತಿರುವುದು ಏನನ್ನು?

ನಮ್ಮ ಭಾಗದ ಶಾಸನಗಳಲ್ಲಿ ಅನ್ನ ನೀಡಿದ ಉಲ್ಲೇಖಗಳು ಹೇರಳ. ಹಿರೇಕೆರೂರಿನಿಂದ ಶಿರಾಳಕೊಪ್ಪ ದಾಟಿದರೆ ಬಳ್ಳಿಗಾವಿ. ಅಲ್ಲಿನ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ ಅದನ್ನು ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ನಾನಾ ಪಂಥದ ಸನ್ಯಾಸಿಗಳಿಗೆ ಅನ್ನವಿಕ್ಕುವ ಸ್ಥಳವೆಂದು ಹೊಗಳುತ್ತದೆ. ಮುಂದೆ ಮಠಗಳ ದಾಸೋಹ ಇದೇ ಕೆಲಸವನ್ನು ಮುಂದುವರಿಸಿತು. ಮಠವೂ ನೆಂಟರೂ ಇಲ್ಲದ ಊರಿಗೆ ಹೊರಟವರು ಬುತ್ತಿ ಕಟ್ಟಿಕೊಳ್ಳುತ್ತಿದ್ದರು. ಕಟಕ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ, ಜತೆಗೆ ಒಣ ಹಿಂಡಿ ಇದ್ದರೆ ಸಾಕು. ಪರಊರಿನಲ್ಲಿ ಅಪರಿಚಿತರ ಕೈಯ ಅಡುಗೆಯನ್ನು ದುಡ್ಡು ಕೊಟ್ಟು ಉಣ್ಣುವುದು ಈಚಿನ ರೂಢಿ.

ಆ ರೂಢಿ ಬಂದದ್ದು ಕೋರ್ಟು, ಕಚೇರಿ, ಶಾಲೆ, ಅಡತಿ ಅಂಗಡಿ, ಮೋಟಾರು ಬಸ್ಸುಗಳ ಜತೆ. ಸವಣೂರು ಸಂಸ್ಥಾನ 1948ರವರೆಗೆ ನವಾಬರದ್ದು; ಉಳಿದ ಮೂರು ಕಡೆ ಮುಂಬಯಿ ಪ್ರಾಂತದ ಆಡಳಿತ. 1956ರವರೆಗೂ ಮುಂಬಯಿಯ ನಂಟು ಗಟ್ಟಿಯಾಗಿತ್ತು. ಮೈಸೂರು ಕಡೆಯ ‘ಮೆಸ್’ಗೆ ನಮ್ಮಲ್ಲಿ ‘ಖಾನಾವಳಿ’ ಎನ್ನುವುದು ಇದರಿಂದಲೇ. ಮರಾಠಿಯಿಂದ ಬಂದ ಪದ ಅದು. ಮುಂಬಯಿಯಲ್ಲಿ ಗಿರಣಿ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುವ ಮನೆಗಳು ಖಾನಾವಳಿಗಳಾದವು. ಇಲ್ಲಿ ಗುಮಾಸ್ತರು, ಮಾಸ್ತರರು, ಕಲಿಯಲು ಬಂದ ಹುಡುಗರು ಅದೇ ಬಗೆಯಲ್ಲಿ ಉಂಡರು.

ಆ ಖಾನಾವಳಿಗಳ ಬೋರ್ಡನ್ನು ಗಮನಿಸಿ. ಒಂದರ ಮೇಲೆ ‘ಲಿಂಗಾಯತ ಖಾನಾವಳಿ’ ಎಂದಿರುತ್ತದೆ, ಇನ್ನೊಂದರ ಮೇಲೆ ‘ಸಾವಜಿ’ ಎಂದಿರುತ್ತದೆ. ಮೊದಲನೆಯದು ಅಪ್ಪಟ ಸಸ್ಯಾಹಾರ. ಎರಡನೆಯದು ನೇಕಾರಿಕೆಯ ಹಿನ್ನೆಲೆಯ ಎಸ್‌ಎಸ್‌ಕೆ ಸಮುದಾಯದ ಖಾರದ ಮಟನ್ ಸಾರಿಗೆ ಹೆಸರಾದದ್ದು. ಸವಣೂರಿನಂಥ ಊರಿನಲ್ಲಿ ‘ಹಲಾಲ್’ ಎಂಬ ಮಾತು ಇಂಥದೇ ಭರವಸೆ ಕೊಡುತ್ತದೆ. ಒಳಗೆ ಏನು ಬೇಯುತ್ತಿದೆ, ಯಾರ ಕೈ ಬೇಯಿಸುತ್ತಿದೆ ಎಂಬುದನ್ನು ಓದಿಕೊಂಡೇ ಗಿರಾಕಿ ಒಳಗೆ ಕಾಲಿಡುತ್ತಾನೆ. ರುಚಿಯ ಮಾತು ಆಮೇಲಿನದು.

ಇದೇ ಪ್ರಶ್ನೆಗೆ ದೊಡ್ಡ ಮಟ್ಟದಲ್ಲಿ ಉತ್ತರ ಕೊಟ್ಟವರು ಕರಾವಳಿಯವರು. ‘ಉಡುಪಿ’ ಎಂಬ ಹೆಸರಿಗೆ ಒಬ್ಬ ಒಡೆಯನಿಲ್ಲ, ಒಂದು ಕಂಪನಿಯಿಲ್ಲ. ಆದರೂ ಮುಂಬಯಿಯಿಂದ ಮದ್ರಾಸಿನವರೆಗೆ ಆ ಬೋರ್ಡು ಕಂಡವರಿಗೆ ಒಳಗೆ ಇಡ್ಲಿ, ದೋಸೆ, ಕಾಫಿ ಸಿಗುತ್ತದೆಂದು ಗೊತ್ತು. ‘ಕಾಮತ್’ ಎಂಬ ಹೆಸರೂ ನಮ್ಮ ಹೆದ್ದಾರಿಗಳಲ್ಲಿ ಹೀಗೆಯೇ ಹಬ್ಬಿತು. ಇಂದಿನ ಎಂಟಿಆರ್ 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಅದರ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. ಮುಂದೆ ಅದನ್ನು ಬೆಳೆಸಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಬಂದು ಅಡುಗೆಮನೆಯ ಸ್ವಚ್ಛತೆಯನ್ನೇ ಹೋಟೆಲಿನ ಹೆಗ್ಗಳಿಕೆ ಮಾಡಿದರು. ಜಾತಿಯ ಮಡಿಯಿಂದ ಬಿಸಿನೀರಿನಲ್ಲಿ ತೊಳೆದ ಪಾತ್ರೆಯ ಶುಚಿಗೆ ಬರಲು ಈ ಒಂದು ಹೋಟೆಲಿಗೆ ಮೂರು ದಶಕ ಹಿಡಿದಿರಬೇಕು. ಎಲ್ಲ ಕಡೆ ಇಷ್ಟು ಸಲೀಸಾಗಿ ಆಗಲಿಲ್ಲ. ಮದ್ರಾಸಿನ ಹೋಟೆಲೊಂದರ ಬೋರ್ಡಿನಲ್ಲಿದ್ದ ‘ಬ್ರಾಹ್ಮಣ’ ಪದವನ್ನು ತೆಗೆಸಲು 1957ರಲ್ಲಿ ಪೆರಿಯಾರ್ ಚಳವಳಿಯನ್ನೇ ನಡೆಸಬೇಕಾಯಿತು.

ಅಷ್ಟು ಹೊತ್ತಿಗೆ ಕಾನೂನು ಬಂದಾಗಿತ್ತು. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳಿಗೆ ಪ್ರವೇಶಿಸಲು ಜಾತಿ ಅಡ್ಡಿಯಾಗಬಾರದು ಎಂದಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದನ್ನು ಶಿಕ್ಷಾರ್ಹ ಮಾಡಿತ್ತು.

ಖಾನಾವಳಿ ಏಕೆ ಉಡುಪಿ ಹೋಟೆಲಿನಂತೆ ಊರೂರಿಗೆ ಹಬ್ಬಲಿಲ್ಲ? ಇದಕ್ಕೆ ಅಡುಗೆಯೊಳಗೇ ಒಂದು ಕಾರಣವಿದೆ. ದೋಸೆ ಹಿಟ್ಟನ್ನು ರಾತ್ರಿ ಒಟ್ಟಿಗೆ ರುಬ್ಬಿಡಬಹುದು. ಅಳತೆ ಕಲಿಸಿದರೆ ಯಾವ ಊರಿನಲ್ಲಾದರೂ ಹುಡುಗರು ಹುಯ್ಯುತ್ತಾರೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ ನಾದಿ, ಒಂದೊಂದನ್ನೇ ಕೈಯಿಂದ ಬಡಿದು, ಹಂಚಿನ ಮೇಲೆ ನೀರು ಸವರಿ ಬೇಯಿಸಬೇಕು. ಬಿಸಿ ಆರುವುದರೊಳಗೆ ಅದು ತಾಟಿಗೆ ಬರಬೇಕು. ಹಾಗಾಗಿ ಪ್ರತಿ ಖಾನಾವಳಿಯ ಹಿಂದುಗಡೆ ಬೆಂಕಿಯ ಮುಂದೆ ಕೂತ ಇಬ್ಬರು ಮೂವರು ಹೆಂಗಸರು ಇರಲೇಬೇಕು. ಆ ಪಳಗಿದ ಕೈಯನ್ನು ಬೋರ್ಡಿನ ಜತೆ ಇನ್ನೊಂದು ಊರಿಗೆ ಕಳಿಸಲಾಗದು. ಸೋಜಿಗವೆಂದರೆ, ರೊಟ್ಟಿ ಬಡಿದವರು ಹೆಂಗಸರು. ಮುಂದೆ ಕೂತು ಉಂಡವರು ಬಹುಪಾಲು ಗಂಡಸರು. ನಾನು ಮಾತಾಡಿಸಿದ ಹಿರಿಯ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಖಾನಾವಳಿಯಲ್ಲಿ ಒಮ್ಮೆಯೂ ಉಂಡವರಲ್ಲ. ಸಂತೆಗೆ ಬಂದರೆ ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು.

ನಮ್ಮ ಅಜ್ಜನೂ ಬುತ್ತಿಯವನೇ. 1960ರ ದಶಕದಲ್ಲಿ ಅವನು ಗೌಡರ ಚಕ್ಕಡಿ ಹೊಡೆದುಕೊಂಡು ಪೇಟೆಗೆ ಹೋಗುತ್ತಿದ್ದ. ಚಹಾದ ಹೋಟೆಲೊಂದರ ಹೊರಗೋಡೆಯ ಗೂಡಿನಲ್ಲಿ ಅವನ ಕೇರಿಯವರಿಗೆಂದು ಬೇರೆ ಕಪ್ಪುಬಸಿ ಇಟ್ಟಿರುತ್ತಿದ್ದರು. ತಾನೇ ತೊಳೆದುಕೊಂಡು ಹಿಡಿಯಬೇಕು, ಮೇಲಿನಿಂದ ಚಹಾ ಸುರಿಯುತ್ತಾರೆ. ಕುಡಿದು ಮತ್ತೆ ತೊಳೆದು ಗೂಡಿಗೆ ಇಡಬೇಕು. ಕಾಯ್ದೆ ಬಂದು ಹತ್ತು ವರ್ಷ ಕಳೆದಿತ್ತು. ಅದು ಆ ಗೂಡಿನವರೆಗೆ ಬಂದಿರಲಿಲ್ಲ. ಆ ಹೋಟೆಲಿನವರು ಒಳ್ಳೆಯ ಮಾತಿನವರು, ಹೆಸರು ಹಿಡಿದು ಕರೆಯುತ್ತಿದ್ದರು, ಸಾಲ ಕೊಡುತ್ತಿದ್ದರು ಎಂದು ಅಜ್ಜ ಈಗಲೂ ಹೇಳುತ್ತಾನೆ. ಅವರಿಗೆ ಅವನ ಪರಿಚಯ ಚೆನ್ನಾಗಿಯೇ ಇತ್ತು. ಅವನಿಗೆ ಬೇರೆ ಕಪ್ಪು ಇಟ್ಟದ್ದೂ ಆ ಪರಿಚಯದಿಂದಲೇ.

ಎರಡು ವರ್ಷದ ಕೆಳಗೆ ಅಜ್ಜನ ಕಣ್ಣು ತೋರಿಸಿಕೊಂಡು ಹುಬ್ಬಳ್ಳಿಯಿಂದ ಕಾರಿನಲ್ಲಿ ಬರುತ್ತಿದ್ದೆವು. ಶಿಗ್ಗಾಂವಿ ಸಮೀಪ ಹೆದ್ದಾರಿಯ ಮೇಲೆ ಅಂಥದೊಂದು ಹೋಟೆಲಿನ ಮುಂದೆ ನಿಂತೆವು. ನಾನು ಮೊದಲು ಹುಡುಕಿದ್ದು ಶೌಚಾಲಯ. ಒಬ್ಬಂಟಿ ತಿರುಗುವ ನನ್ನಂಥವಳಿಗೆ ಹೋಟೆಲಿನ ಯೋಗ್ಯತೆ ಗೊತ್ತಾಗುವುದು ಅಲ್ಲಿಂದ. ಅಜ್ಜ ಇಡ್ಲಿ ತಿಂದ, ಕಾಫಿ ಕುಡಿದ. ಆಮೇಲೆ ಲೋಟ ಹಿಡಿದುಕೊಂಡು ಎದ್ದು ನಲ್ಲಿ ಎಲ್ಲಿದೆ ಎಂದು ಸುತ್ತ ನೋಡತೊಡಗಿದ. ಮೇಜು ಒರೆಸುತ್ತಿದ್ದ ಹುಡುಗ ಓಡಿ ಬಂದು ‘ಇಡ್ರಿ ಅಜ್ಜಾರ, ನಾವ್ ತಗೋತೀವಿ’ ಎಂದ.

ಸಾಂಬಾರು ಸಿಹಿ, ಎರಡು ಇಡ್ಲಿಗೆ ಇಷ್ಟೊಂದು ರೊಕ್ಕವೇ ಎಂದು ನಾನು ಗೊಣಗಿದೆ. ಅಜ್ಜ ‘ರುಚಿ ಮನ್ಯಾಗ ಐತಿ ಬಿಡವಾ. ಇಲ್ಲಿ ಯಾರೂ ಯಾರ ಪೈಕಿ ಅಂತ ಕೇಳ್ಲಿಲ್ಲ ನೋಡು’ ಎಂದು ಇನ್ನೊಂದು ಕಾಫಿ ಹೇಳಿದ.

ಅಜ್ಜನ ಮಾತನ್ನು ಹಿಡಿದು ನಾನು ಚೈನ್ ಹೋಟೆಲುಗಳನ್ನು ಸಮಾನತೆಯ ಗುಡಿಗಳೆಂದು ಹೊಗಳಲಾರೆ. ಪೈಕಿ ಕೇಳದ ಹೋಟೆಲು ಜೇಬನ್ನಂತೂ ಕೇಳುತ್ತದೆ. ಗಾಡಿ ಇಲ್ಲದವರು ಹೆದ್ದಾರಿಯ ಆ ಬಾಗಿಲಿಗೆ ಹೋಗುವುದೂ ಇಲ್ಲ. ಹಳೆಯ ಪ್ರಶ್ನೆ ಪೂರ್ತಿ ಅಳಿದಿಲ್ಲ ಎಂಬುದೂ ನಿಜ: 1996ರಲ್ಲಿ ಭಾರತಕ್ಕೆ ಬಂದ ಮ್ಯಾಕ್‌ಡೊನಾಲ್ಡ್ಸ್ ಕೂಡ ದನದ ಮಾಂಸ ಬಿಟ್ಟು, ಸಸ್ಯಾಹಾರದ ಅಡುಗೆಯನ್ನು ಬೇರೆಯಾಗಿಟ್ಟು ಗಿರಾಕಿಗಳ ನಂಬಿಕೆ ಗಳಿಸಬೇಕಾಯಿತು. ಜೇಬಿನ ಪ್ರಶ್ನೆಯನ್ನು ಅಷ್ಟಿಷ್ಟು ಬಗೆಹರಿಸಿದ್ದು ಸರ್ಕಾರದ್ದೇ ಒಂದು ಸರಣಿ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಿತು. ಆಮೇಲೆ ರಾಜ್ಯದ ಬೇರೆ ಊರುಗಳಿಗೂ ಬಂತು. ಅಲ್ಲಿ ಕೂಲಿಯವರೂ ಕಾಲೇಜಿನ ಹುಡುಗರೂ ಒಂದೇ ಸಾಲಿನಲ್ಲಿ ಟೋಕನ್ ಹಿಡಿದು ನಿಲ್ಲುತ್ತಾರೆ.

ಖಾನಾವಳಿಗಳು ಮುಚ್ಚುತ್ತಿವೆ ಎಂದು ಬೇಸರಪಟ್ಟು ಬರೆಯುವ ಬರಹಗಳನ್ನು ನಾನೂ ಓದುತ್ತೇನೆ. ಆ ಬೇಸರದಲ್ಲಿ ನನಗೂ ಪಾಲಿದೆ. ಕೇಳದೆಯೇ ರೊಟ್ಟಿ ಹಾಕುವ ಕೈ ಯಾವ ಮೆನು ಕಾರ್ಡಿನಲ್ಲೂ ಇಲ್ಲ. ಆದರೆ ‘ಅಲ್ಲಿ ಮನೆಯ ವಾತಾವರಣ ಇತ್ತು’ ಎಂಬ ಸಾಲು ಬಂದಾಗಲೆಲ್ಲ ನನಗೆ ಆ ಗೋಡೆಯ ಗೂಡು ನೆನಪಾಗುತ್ತದೆ. ಮನೆಯಂತಿದ್ದ ಕಡೆ ಮನೆಯ ಹೊಸ್ತಿಲೂ ಇತ್ತು.

ಕಳೆದ ತಿಂಗಳು ಹಿರೇಕೆರೂರಿನ ಅದೇ ಖಾನಾವಳಿಗೆ ಮತ್ತೆ ಹೋಗಿದ್ದೆ. ಮಾಲಕರು ಗುರುತು ಹಿಡಿದು ಯಾರ ಪೈಕಿ ಎಂದು ಮತ್ತೆ ಕೇಳಿದರು. ಈ ಸಲ ತಪ್ಪಿಸಿಕೊಳ್ಳದೆ ಅಜ್ಜನ ಕೇರಿಯ ಹೆಸರನ್ನೇ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ರೊಟ್ಟಿ ತಂದು, ‘ಉಣ್ಣವಾ, ಆರಿದ್ರ ಚಲೋ ಇರೂದಿಲ್ಲ’ ಎಂದರು. ಉಂಡೆ.