ಕ್ಯೋಟೋದಿಂದ ಹೊರಟ ಸಫಾರಿ

ಪೂರ್ವ ಆಫ್ರಿಕಾದ ಸಫಾರಿ ಎಂದರೆ ನಮ್ಮವರ ಕಣ್ಣಿಗೆ ಬರುವುದು ಮಸಾಯ್ ಮಾರಾ, ಸೆರೆಂಗೆಟಿ, ಮೇಲೆ ತೆರೆದ ಜೀಪು, ವಾರದೊಳಗೆ ಸಿಂಹ, ಆನೆ, ಚಿರತೆಗಳ ಲೆಕ್ಕ. ಸ್ವಾಹಿಲಿಯಲ್ಲಿ ಆ ಪದಕ್ಕೆ ಬರೀ ಪ್ರಯಾಣವೆಂದೇ ಅರ್ಥ. ಆ ಅರ್ಥದ ಸಫಾರಿಯನ್ನು ಹೂಡಿದವರು ಇಲ್ಲಿಯ ಕ್ಯೋಟೋ ವಿಶ್ವವಿದ್ಯಾಲಯದವರು.

1958ರಲ್ಲಿ ಕಿನ್‌ಜಿ ಇಮಾನಿಶಿ ತಮ್ಮ ಶಿಷ್ಯ ಜುನ್‌ಇಚಿರೋ ಇತಾನಿಯವರೊಂದಿಗೆ ಗೊರಿಲ್ಲಾಗಳನ್ನು ಅರಸಿ ಆಫ್ರಿಕಾಕ್ಕೆ ಹೋದರು. ಜಪಾನಿನ ಕಾಡುಮಂಗಗಳಿಗೆ ಒಂದೊಂದಕ್ಕೂ ಹೆಸರಿಟ್ಟು ವರ್ಷಗಟ್ಟಲೆ ಗಮನಿಸಿದ ಪರಂಪರೆ ಅವರದು. ಆದರೆ 1960ರಲ್ಲಿ ಸ್ವತಂತ್ರವಾದೊಡನೆ ಕಾಂಗೋದಲ್ಲಿ ದಂಗೆಯೆದ್ದಿತು. ಗೊರಿಲ್ಲಾಗಳ ಯೋಜನೆ ಕೈಬಿಟ್ಟಿತು. ಮರುವರ್ಷ ತಂಡ ಟಾಂಗನೀಕಾ ಸರೋವರದ ಪೂರ್ವದಡಕ್ಕೆ, ಚಿಂಪಾಂಜಿಗಳತ್ತ ತಿರುಗಿತು. ಅದೇ ದಡದ ಗೊಂಬೆ ಎಂಬಲ್ಲಿ (ಆಟದ ಗೊಂಬೆಯಲ್ಲ, ಜಾಗದ ಹೆಸರು) ಜೇನ್ ಗುಡಾಲ್ ಆಗಷ್ಟೇ ಕೆಲಸ ಆರಂಭಿಸಿದ್ದರು.

ಚಿಂಪಾಂಜಿಗಳು ಸುಲಭಕ್ಕೆ ಹತ್ತಿರ ಸೇರಿಸಲಿಲ್ಲ. 1965ರಲ್ಲಿ ತೊಶಿಸಾದಾ ನಿಶಿದಾ ಇನ್ನೂ ದಕ್ಷಿಣದ ಮಹಾಲೆ ಬೆಟ್ಟಗಳ ಬುಡದಲ್ಲಿ ಬೀಡುಬಿಟ್ಟು, ಕಬ್ಬಿನ ಆಸೆ ತೋರಿಸಿ ಕಾದರು. ಮರುವರ್ಷ ಅವು ಬಂದವು. ಅಂದು ಶುರುವಾದ ಅಧ್ಯಯನ ಇವತ್ತಿಗೂ ನಡೆದಿದೆ.

ಅದೇ ಕಾಲಕ್ಕೆ ಈ ಬಳಗದ ಇನ್ನೊಂದು ಕವಲು ನಮ್ಮ ಧಾರವಾಡದಲ್ಲಿತ್ತು! ಯುಕಿಮಾರು ಸುಗಿಯಾಮ 1961ರಿಂದ 1963ರವರೆಗೆ ಅಲ್ಲಿಯ ಕಾಡಿನ ಮುಸಿಯಗಳ ಬೆನ್ನು ಹತ್ತಿದ್ದರು. ಹೊರಗಿನ ಗಂಡೊಂದು ಹಿಂಡಿನ ಯಜಮಾನನನ್ನು ಓಡಿಸಿ ಪಟ್ಟವೇರಿದ ಮೇಲೆ ಹಳೆಯ ಯಜಮಾನನ ಕಾಲದ ಎಳೆಮರಿಗಳು ಕಡಿತಕ್ಕೆ ಸಿಕ್ಕಿ ಸತ್ತುದನ್ನು ಅವರು ದಾಖಲಿಸಿ, 1965ರಲ್ಲಿ ಪ್ರಕಟಿಸಿದರು. ಇದು ಸಹಜ ನಡವಳಿಕೆಯೆಂದು ಒಪ್ಪಲು ಅನೇಕರಿಗೆ ಮನಸ್ಸಾಗಲಿಲ್ಲ. ಮುಂದೆ ಅಬು ಬೆಟ್ಟದ ಮುಸಿಯಗಳಲ್ಲಿ, ಸೆರೆಂಗೆಟಿಯ ಸಿಂಹಗಳಲ್ಲಿ ಇಂಥದೇ ಕಂಡಿತು. ಮಹಾಲೆಯ ಚಿಂಪಾಂಜಿಗಳೂ ಮರಿಗಳನ್ನು ಕೊಂದವು. ಸಿಂಹದ ಮರಿಗಳ ಗತಿಯ ಬಗ್ಗೆ ಜೀಪಿನಲ್ಲಿ ಕುಳಿತು ಕೇಳುವ ಕಥೆಗೆ ಧಾರವಾಡದ ನಂಟಿದೆ ಎಂದು ಎಷ್ಟು ಕನ್ನಡಿಗರಿಗೆ ಗೊತ್ತು?

1985ರಲ್ಲಿ ಮಹಾಲೆ ರಾಷ್ಟ್ರೀಯ ಉದ್ಯಾನವಾಯಿತು. ಒಳಗೆ ಜೀಪಿಗೆ ದಾರಿಯೇ ಇಲ್ಲ. ಪುಟ್ಟ ವಿಮಾನ, ಆಮೇಲೆ ದೋಣಿ, ಆಮೇಲೆ ನಿಮ್ಮ ಕಾಲು. ಚಿಂಪಾಂಜಿಗಳು ಸಿಕ್ಕ ಮೇಲೆ ಒಂದೇ ಗಂಟೆ, ಹತ್ತು ಮೀಟರ್ ದೂರ, ಮುಖಕ್ಕೆ ಮಾಸ್ಕ್. ನೆಗಡಿಯಾದವರಿಗೆ ಪ್ರವೇಶವಿಲ್ಲ, 2006ರಲ್ಲಿ ಉಸಿರಾಟದ ಸೋಂಕು ಇಲ್ಲಿಯ ಹಲವು ಚಿಂಪಾಂಜಿಗಳ ಜೀವ ತೆಗೆದಿತ್ತು. ಆಫ್ರಿಕಾಕ್ಕೆ ಹೊರಡುವ ಯೋಜನೆಯಿದ್ದರೆ ಸೆರೆಂಗೆಟಿಯಿಂದ ಎರಡು ದಿನ ಕಳೆದು ಮಹಾಲೆಗೆ ಕೂಡಿಸಿ. ಒಣಹವೆಯ ಜುಲೈನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳು ಅನುಕೂಲ. ಒಂದೇ ದಿನ ಇಟ್ಟುಕೊಂಡರೆ, ಅಂದು ಅವು ಬೆಟ್ಟದ ಮೇಲೇ ಉಳಿದುಬಿಟ್ಟರೆ, ಸರೋವರ ನೋಡಿಕೊಂಡು ಬರಬೇಕಾದೀತು.