ಇಪ್ಪತ್ತೈದು ಸೆಕೆಂಡುಗಳ ಬೆಲೆ

1986ರ ಒಂದು ರಾತ್ರಿ. ಅಮೆರಿಕದ ಮಿಶಿಗನ್ ರಾಜ್ಯದ ಸ್ಯಾಗಿನಾ ಜಿಲ್ಲೆಯಲ್ಲಿ ಪೊಲೀಸರು ರಸ್ತೆಗೆ ಅಡ್ಡ ನಿಂತು, ಬಂದ ವಾಹನಗಳನ್ನೆಲ್ಲ ಒಂದೊಂದಾಗಿ ತಡೆದರು. ಚಾಲಕನ ಕಣ್ಣು ಕೆಂಪಾಗಿದೆಯೇ, ಮಾತು ತೊದಲುತ್ತಿದೆಯೇ, ಬಾಯಿಂದ ಹೆಂಡದ ವಾಸನೆ ಬರುತ್ತಿದೆಯೇ ಎಂದು ನೋಡಿ, ಅನುಮಾನವಿಲ್ಲದವರನ್ನು ಮುಂದಕ್ಕೆ ಬಿಟ್ಟರು. ತಪಾಸಣೆ ನಡೆದದ್ದು 75 ನಿಮಿಷ. ಹಾದುಹೋದ ವಾಹನಗಳು 126. ಒಬ್ಬೊಬ್ಬರಿಗೂ ಆದ ವಿಳಂಬ ಸರಾಸರಿ 25 ಸೆಕೆಂಡು. ಕುಡಿದು ವಾಹನ ನಡೆಸಿದ ಆರೋಪದ ಮೇಲೆ ಬಂಧಿತರಾದವರು ಇಬ್ಬರು. ಅವರಲ್ಲೊಬ್ಬ ನಿಲ್ಲಿಸದೆಯೇ ಮುಂದಕ್ಕೆ ಹೋಗಿ ಸಿಕ್ಕಿಬಿದ್ದವನು.

ಈ ಪುಟ್ಟ ಘಟನೆ ನಾಲ್ಕು ವರ್ಷಗಳ ನಂತರ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ನಿಂತಿತು. ಅಲ್ಲಿ ಎದ್ದ ಪ್ರಶ್ನೆ ಆ ಇಬ್ಬರು ಕುಡುಕರ ಬಗ್ಗೆ ಅಲ್ಲ. ಏನೂ ತಪ್ಪು ಮಾಡದೆ, ಯಾರ ಗುಮಾನಿಗೂ ಗುರಿಯಾಗದೆ, ಆದರೂ ಪೊಲೀಸರ ಕೈಬೀಸಿಗೆ ನಿಲ್ಲಬೇಕಾಗಿ ಬಂದ ಉಳಿದ 124 ಮಂದಿಯ ಬಗ್ಗೆ. ಅವರ ಇಪ್ಪತ್ತೈದು ಸೆಕೆಂಡಿಗೆ ಬೆಲೆಯಿದೆಯೇ? ಇದ್ದರೆ ಎಷ್ಟು?

ಪ್ರಶ್ನೆ ಕ್ಷುಲ್ಲಕವೆನಿಸಬಹುದು. ಆದರೆ ಅದರ ಬೇರು ಆಳದಲ್ಲಿದೆ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ ಸುಂಕದ ಅಧಿಕಾರಿಗಳ ಕೈಯಲ್ಲಿ ಒಂದು ಬಗೆಯ ಸಾಮಾನ್ಯ ಆಜ್ಞಾಪತ್ರವಿರುತ್ತಿತ್ತು. ಯಾರ ಮೇಲೆ, ಏಕೆ ಶಂಕೆ ಎಂದು ಹೇಳುವ ಅಗತ್ಯವಿಲ್ಲ. ಕಳ್ಳಮಾಲು ಹುಡುಕುವ ನೆಪದಲ್ಲಿ ಯಾರ ಮನೆಗೂ ನುಗ್ಗಬಹುದು. 1761ರಲ್ಲಿ ಬಾಸ್ಟನ್ನಿನ ವಕೀಲ ಜೇಮ್ಸ್ ಓಟಿಸ್ ಇದರ ವಿರುದ್ಧ ನ್ಯಾಯಾಲಯದಲ್ಲಿ ವಾದಿಸಿ ಸೋತ. ಆದರೆ ವಾದ ಸೋಲಲಿಲ್ಲ. ಸ್ವಾತಂತ್ರ್ಯಾನಂತರ 1791ರಲ್ಲಿ ಜಾರಿಗೆ ಬಂದ ಸಂವಿಧಾನದ ನಾಲ್ಕನೇ ತಿದ್ದುಪಡಿ, ಪ್ರಜೆಗಳ ದೇಹ, ಮನೆ, ಕಾಗದಪತ್ರ, ವಸ್ತುಗಳ ಮೇಲೆ ಅಸಮಂಜಸವಾದ ಶೋಧ, ಜಪ್ತಿಗಳು ಸಲ್ಲವೆಂದು ಸಾರಿತು.

ಆಗ ರಸ್ತೆಯ ಮೇಲೆ ಓಡುತ್ತಿದ್ದುದು ಕುದುರೆಗಾಡಿ. ಮೋಟಾರು ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಮನೆ ಇದ್ದಲ್ಲೇ ಇರುತ್ತದೆ; ವಾರಂಟ್ ತರುವಷ್ಟರಲ್ಲಿ ಕಾರು ಗಡಿ ದಾಟಿರುತ್ತದೆ. ಈ ಸಮಸ್ಯೆ ಮೊದಲು ಇತ್ಯರ್ಥವಾದದ್ದೂ ಮಿಶಿಗನ್ನಿನ ರಸ್ತೆಯಿಂದಲೇ, ಅದೂ ಹೆಂಡದ ಕಾರಣದಿಂದಲೇ! ಪಾನನಿರೋಧದ ಕಾಲ. 1921ರ ಡಿಸೆಂಬರಿನಲ್ಲಿ ಡೆಟ್ರಾಯಿಟ್ ಕಡೆಯಿಂದ ಗ್ರ್ಯಾಂಡ್ ರ್‍ಯಾಪಿಡ್ಸ್‌ಗೆ ಬರುತ್ತಿದ್ದ ಕಾರೊಂದನ್ನು ಅಧಿಕಾರಿಗಳು ಬೆನ್ನಟ್ಟಿ ಹಿಡಿದು, ಸೀಟಿನ ಮೆತ್ತೆ ಹರಿದಾಗ 68 ಬಾಟಲಿಗಳು ಹೊರಬಂದವು. ಕ್ಯಾರಲ್ ಮೊಕದ್ದಮೆಯೆಂದು ಹೆಸರಾದ ಈ ಪ್ರಕರಣದಲ್ಲಿ 1925ರಲ್ಲಿ ಸುಪ್ರೀಂ ಕೋರ್ಟು, ಬಲವಾದ ಕಾರಣವಿದ್ದರೆ ವಾರಂಟ್ ಇಲ್ಲದೆಯೂ ಕಾರನ್ನು ಶೋಧಿಸಬಹುದು ಎಂದಿತು. ಜೊತೆಗೆ ಮುಖ್ಯ ನ್ಯಾಯಮೂರ್ತಿ ಟ್ಯಾಫ್ಟ್ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಹೆಂಡ ಸಿಕ್ಕರೂ ಸಿಗಬಹುದೆಂದು ದಾರಿಯಲ್ಲಿ ಹೋಗುವ ಪ್ರತಿಯೊಂದು ವಾಹನವನ್ನೂ ನಿಲ್ಲಿಸುವುದು ಸಹಿಸತಕ್ಕದ್ದಲ್ಲ.

ಪಾನನಿರೋಧ 1933ರಲ್ಲಿ ಹೋಯಿತು. ಹೆಂಡವೂ ಉಳಿಯಿತು, ಕಾರೂ ಉಳಿಯಿತು. ಸಮಸ್ಯೆ ಬಾಟಲಿಯಲ್ಲಿದ್ದ ಮದ್ಯದಿಂದ ಚಾಲಕನ ನೆತ್ತರಿನಲ್ಲಿದ್ದ ಮದ್ಯಕ್ಕೆ ತಿರುಗಿತು. ಅದನ್ನು ಅಳೆಯುವುದು ಹೇಗೆ? ಇಂಡಿಯಾನಾ ರಾಜ್ಯದ ಪೊಲೀಸ್ ಇಲಾಖೆಯಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಉಸಿರಿನಿಂದಲೇ ಮದ್ಯದ ಪ್ರಮಾಣ ತಿಳಿಸುವ ಬ್ರೆತಲೈಸರ್ ಯಂತ್ರವನ್ನು ರೂಪಿಸಿದ. ಮುಂದೆ 1960ರ ದಶಕದ ಆರಂಭದಲ್ಲಿ ಅವನ ತಂಡ ಅದೇ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ, ಅಪಘಾತಕ್ಕೀಡಾದ ಮತ್ತು ಈಡಾಗದ ಸಾವಿರಾರು ಚಾಲಕರ ಉಸಿರನ್ನು ಹೋಲಿಸಿ ನೋಡಿತು. ರಕ್ತದಲ್ಲಿ ಮದ್ಯ ಒಂದು ಮಟ್ಟ ದಾಟಿದೊಡನೆ ಅಪಘಾತದ ಸಂಭವ ಕಡಿದಾಗಿ ಏರುತ್ತದೆಂಬುದು ಅಂಕಿಗಳಲ್ಲಿ ಸ್ಪಷ್ಟವಾಯಿತು. 1967ರಲ್ಲಿ ಬ್ರಿಟನ್ ನೂರು ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಎಂಬ ಮಿತಿಯನ್ನು ಕಾನೂನಿನಲ್ಲಿ ಬರೆಯಿತು.

ಅಳತೆಗೋಲು ಸಿಕ್ಕಿತು, ಆದರೆ ಯಾರನ್ನು ನಿಲ್ಲಿಸಿ ಅಳೆಯಬೇಕು? 1979ರಲ್ಲಿ ಡೆಲವೇರ್ ರಾಜ್ಯದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಗಸ್ತಿನ ಪೊಲೀಸ್ ತನಗೆ ತೋಚಿದಂತೆ ಯಾವುದೋ ಒಂದು ಕಾರನ್ನು ನಿಲ್ಲಿಸಿ ಕಾಗದಪತ್ರ ಕೇಳುವಂತಿಲ್ಲ ಎಂದಿತು. ಎಲ್ಲರನ್ನೂ ಸಮನಾಗಿ ನಿಲ್ಲಿಸುವ ತಪಾಸಣೆಗೆ ಮಾತ್ರ ಬಾಗಿಲು ಮುಚ್ಚಲಿಲ್ಲ. ಈ ತರ್ಕದಲ್ಲಿ ಒಂದು ವಿವೇಕವಿದೆ. ಒಬ್ಬನನ್ನು ಆರಿಸಿ ತಡೆದಾಗ ಅವನ ಮೈಬಣ್ಣ, ಬಟ್ಟೆ, ಕಾರಿನ ಸ್ಥಿತಿ ಇವೆಲ್ಲ ಪೊಲೀಸನ ಮನಸ್ಸಿನಲ್ಲಿ ಕೆಲಸ ಮಾಡುತ್ತವೆ. ಎಲ್ಲರನ್ನೂ ತಡೆದಾಗ ಅವಮಾನವೂ ಸಮನಾಗಿ ಹಂಚಿಹೋಗುತ್ತದೆ.

ಮರುವರ್ಷವೇ, 1980ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕುಡಿದ ಚಾಲಕನೊಬ್ಬ ಹದಿಮೂರು ವರ್ಷದ ಬಾಲಕಿಯನ್ನು ಬಲಿ ತೆಗೆದುಕೊಂಡ. ಅವಳ ತಾಯಿ ಕ್ಯಾಂಡಿ ಲೈಟ್ನರ್ ಕಟ್ಟಿದ ತಾಯಂದಿರ ಸಂಘಟನೆ ದೇಶದ ಮನಸ್ಸನ್ನೇ ತಿರುಗಿಸಿತು. ಅಲ್ಲಿಯವರೆಗೆ ನಗೆಚಾಟಿಕೆಯ ವಸ್ತುವಾಗಿದ್ದ ಕುಡುಕ ಚಾಲಕ ಕೊಲೆಗಡುಕನಂತೆ ಕಾಣತೊಡಗಿದ. ರಾಜ್ಯ ರಾಜ್ಯಗಳಲ್ಲಿ ತಪಾಸಣೆಗಳು ಆರಂಭವಾದವು. ಮಿಶಿಗನ್ ತನ್ನ ಮೊದಲ ತಪಾಸಣೆಗೆ ಸಜ್ಜಾದಾಗ, ಅದರ ಹಿಂದಿನ ದಿನವೇ ಕೆಲವು ಚಾಲಕರು ನ್ಯಾಯಾಲಯದ ಮೆಟ್ಟಿಲೇರಿದರು. ಸಿಟ್ಸ್ ಮೊಕದ್ದಮೆ ಹುಟ್ಟಿದ್ದು ಹಾಗೆ.

1990ರ ಜೂನ್‌ನಲ್ಲಿ ಬಂದ ತೀರ್ಪು 6-3ರ ಬಹುಮತದ್ದು. ಮುಖ್ಯ ನ್ಯಾಯಮೂರ್ತಿ ರೆಂಕ್ವಿಸ್ಟ್ ಅವರ ಪ್ರಕಾರ, ರಸ್ತೆಯ ಮೇಲಿನ ಸಾವುಗಳನ್ನು ತಡೆಯುವ ಹೊಣೆ ದೊಡ್ಡದು, ಚಾಲಕನಿಗಾಗುವ ತೊಂದರೆ ಅಲ್ಪ. ಯಾವ ಉಪಾಯ ಉತ್ತಮವೆಂದು ಆರಿಸುವುದು ಜನರಿಗೆ ಉತ್ತರ ಹೇಳಬೇಕಾದ ಸರ್ಕಾರದ ಕೆಲಸ, ನ್ಯಾಯಾಲಯದ್ದಲ್ಲ. ಭಿನ್ನಮತದ ನ್ಯಾಯಮೂರ್ತಿ ಸ್ಟೀವನ್ಸ್ ಮೇರಿಲ್ಯಾಂಡ್ ರಾಜ್ಯದ ಲೆಕ್ಕ ಮುಂದಿಟ್ಟರು: 125 ತಪಾಸಣೆ, 41,000 ಚಾಲಕರು, 143 ಬಂಧನ. ನೂರಕ್ಕೆ ಅರ್ಧ ಮಂದಿಯೂ ಇಲ್ಲ. ನ್ಯಾಯಮೂರ್ತಿ ಬ್ರೆನ್ನನ್, ಎಲ್ಲರನ್ನೂ ನಿಲ್ಲಿಸಿದರೆ ಪೊಲೀಸರ ಕೆಲಸ ಸುಲಭವಾದೀತು, ಆದರೆ ಸುಲಭವೆಂಬುದು ಹಕ್ಕನ್ನು ಬಿಟ್ಟುಕೊಡಲು ಕಾರಣವಾಗದು ಎಂಬ ನಿಲುವು ತಾಳಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಷ್ಟ್ರದ ಸಂವಿಧಾನ ಕೊಡದ ರಕ್ಷಣೆಯನ್ನು ರಾಜ್ಯದ ಸಂವಿಧಾನ ಕೊಡಬಹುದು. ಮೊಕದ್ದಮೆ ತಿರುಗಿ ಬಂದಾಗ, 1993ರಲ್ಲಿ ಮಿಶಿಗನ್ನಿನ ಸುಪ್ರೀಂ ಕೋರ್ಟು ತನ್ನ ರಾಜ್ಯದ ಸಂವಿಧಾನದಡಿ ಇಂಥ ತಪಾಸಣೆ ಸಲ್ಲದು ಎಂದುಬಿಟ್ಟಿತು. ದೇಶಕ್ಕೆಲ್ಲ ತಪಾಸಣೆಯ ಹಾದಿ ತೆರೆದ ರಾಜ್ಯದಲ್ಲೇ ತಪಾಸಣೆ ಇಲ್ಲ! 2000ದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಇಂಡಿಯಾನಾಪೊಲಿಸ್ ನಗರದ ಪೊಲೀಸರು ಮಾದಕವಸ್ತುಗಳಿಗಾಗಿ 1,161 ವಾಹನ ತಡೆದು 104 ಮಂದಿಯನ್ನು ಹಿಡಿದಿದ್ದರು. ಫಲ ನೂರಕ್ಕೆ ಒಂಬತ್ತು, ಅಂದರೆ ಸ್ಯಾಗಿನಾಕ್ಕಿಂತ ಎಷ್ಟೋ ಹೆಚ್ಚು. ಆದರೂ ಸುಪ್ರೀಂ ಕೋರ್ಟು ಅದನ್ನು ಅಸಿಂಧುಗೊಳಿಸಿತು. ಕುಡುಕ ಚಾಲಕನಿಂದ ರಸ್ತೆಗೆ ನೇರ ಅಪಾಯ. ಸಾಮಾನ್ಯ ಅಪರಾಧ ಪತ್ತೆಗಾಗಿ ಊರಿಗೆ ಊರನ್ನೇ ತಡೆಯುವುದು ಬೇರೆ ಮಾತು. ಎಷ್ಟು ಜನ ಸಿಕ್ಕರು ಎಂಬುದಕ್ಕಿಂತ ಏಕೆ ತಡೆದರು ಎಂಬುದೇ ಮುಖ್ಯವಾಯಿತು.

ಬಲೆಗೆ ಬಿದ್ದವರ ಸಂಖ್ಯೆಯಿಂದಲೇ ತಪಾಸಣೆಯನ್ನು ಅಳೆಯುವುದೂ ಸರಿಯಲ್ಲವೆನ್ನಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 1982ರ ಕೊನೆಯಲ್ಲಿ ಯಾವ ಚಾಲಕನನ್ನಾದರೂ ನಿಲ್ಲಿಸಿ ಊದಿಸುವ ಪದ್ಧತಿ ತಂದಾಗ ರಸ್ತೆಯ ಸಾವುಗಳು ಎದ್ದುಕಾಣುವಂತೆ ಇಳಿದವು. ಸಿಕ್ಕಿಬೀಳುವ ಭಯದಿಂದ ಮನೆಯಲ್ಲೇ ಕೀಲಿಕೈ ಬಿಟ್ಟು ಹೋದವನು ಯಾವ ಪೊಲೀಸ್ ಲೆಕ್ಕದಲ್ಲೂ ಬರುವುದಿಲ್ಲ. ಅವನಿಂದ ಉಳಿದ ಜೀವವೂ ಬರುವುದಿಲ್ಲ.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಮಿತಿ ಬ್ರಿಟನ್ನಿನದಕ್ಕಿಂತ ಬಿಗಿ: ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. 2019ರ ತಿದ್ದುಪಡಿ ಮೊದಲ ತಪ್ಪಿಗೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಆದರೆ ಊದಿಸುವ ವಿಷಯಕ್ಕೆ ಬಂದಾಗ ಕಾಯಿದೆಯ 203ನೇ ಕಲಮಿನಲ್ಲಿ ಹೆಚ್ಚು ಜನ ಗಮನಿಸದ ಒಂದು ಮಾತಿದೆ. ಚಾಲಕ ಕುಡಿದಿದ್ದಾನೆಂದು ಶಂಕಿಸಲು ಸಮಂಜಸ ಕಾರಣವಿದ್ದರೆ ಉಸಿರಿನ ಪರೀಕ್ಷೆಗೆ ಒತ್ತಾಯಿಸಬಹುದು ಎಂಬುದೇ ಆ ಮಾತು. ಶಂಕೆ ಮೊದಲು, ಯಂತ್ರ ಆಮೇಲೆ. ಶನಿವಾರ ರಾತ್ರಿಯ ಬ್ಯಾರಿಕೇಡಿನ ಮುಂದೆ ಸಾಲಾಗಿ ನಿಂತ ಎಲ್ಲರ ಬಾಯಿಗೂ ಯಂತ್ರ ಹಿಡಿದಾಗ ಈ ಅನುಕ್ರಮ ತಲೆಕೆಳಗಾಗುತ್ತದೆ.

ಕುಡಿದು ಗಾಡಿ ಓಡಿಸುವವನ ಪರವಾಗಿ ಯಾರೂ ವಕಾಲತ್ತು ವಹಿಸಬೇಕಾಗಿಲ್ಲ. ಅವನನ್ನು ತಡೆಯಲು ನಾವೂ ನಿಮಿಷವೊಂದು ನಿಲ್ಲುವುದು ನ್ಯಾಯವೇ ಇರಬಹುದು. ಆದರೆ ಆ ನಿಮಿಷ ನಮ್ಮದು. ಅದನ್ನು ಪಡೆಯುವವರು ಕಾರಣ ಹೇಳಿ, ನಿಯಮದ ಪ್ರಕಾರ, ಎಲ್ಲರಿಂದಲೂ ಸಮನಾಗಿ ಪಡೆಯಬೇಕು. ಸ್ಯಾಗಿನಾದ ಆ 124 ಮಂದಿಗಾಗಿ ಚಾಲಕರು ಕೇಳಿದ್ದು ಇಷ್ಟನ್ನೇ.