ಪೆಟ್ಟಿಗೆಯಿಲ್ಲದ ದನಿ

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ವಾಲ್ವ್ ರೇಡಿಯೊ ಒಂದು ಉಳಿದಿದ್ದರೆ ಕೆಳಗಿಳಿಸಿ, ಅದರ ಬೆನ್ನು ತಿರುಗಿಸಿ ನೋಡಿ. ಮುಂದೆ ನುಣುಪಾದ ಮರ, ಬಟ್ಟೆ ಹೊದಿಸಿದ ಬಾಯಿ; ಹಿಂದೆ ತೂತು ತೂತಾದ ಒಂದು ರಟ್ಟು ಮಾತ್ರ. ಆ ರಟ್ಟು ಮಕ್ಕಳ ಕೈಗೆ ಅಡ್ಡವೇ ಹೊರತು ಧ್ವನಿಗಲ್ಲ. ಇಂದು ಸಂಗೀತಪ್ರಿಯರು ‘ಓಪನ್ ಬ್ಯಾಫಲ್’ ಎಂದು ಕರೆದು ಸಾವಿರಾರು ರೂಪಾಯಿ ತೆತ್ತು ತರುವ ಧ್ವನಿವರ್ಧಕದ ತತ್ತ್ವ ಇಷ್ಟೇ: ಹಲಗೆಗೆ ಬಿಗಿದ ಸ್ಪೀಕರು, ಬೆನ್ನಿಗೆ ಬಯಲು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಮನೆಗಳ ಗೂಡುಗಳಲ್ಲಿ ಅದು ಎಂದೋ ಬಂದು ಕುಳಿತಿತ್ತು.

ಗುಬ್ಬಿಯವರಿಗಂತೂ ಪೆಟ್ಟಿಗೆಯಿಲ್ಲದ ದನಿ ಹೊಸದಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಮೊದಲ ದಶಕಗಳಲ್ಲಿ ಮೈಕು ಎಂಬುದೇ ಇರಲಿಲ್ಲ. ನಟನ ಕಂಠ, ಹಾರ್ಮೋನಿಯಂ, ತಬಲ ಇವು ನೇರವಾಗಿ ಕೊನೆಯ ಸಾಲಿನವನ ಕಿವಿಗೆ ಮುಟ್ಟಬೇಕಿತ್ತು. ವೀರಣ್ಣನವರು ಆ ಕಂಪನಿಯನ್ನು ನಾಡಿನ ಉದ್ದಗಲಕ್ಕೂ ಕೊಂಡೊಯ್ದರು. 1972ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ರಂಗಗೀತೆಗಳು ಗ್ರಾಮಫೋನ್ ತಟ್ಟೆಯಲ್ಲೂ ಆಕಾಶವಾಣಿಯಲ್ಲೂ ಮನೆ ಹೊಕ್ಕಿದ್ದವು.

ಮನೆಯೊಳಗಿನ ಈ ಕೇಳುವಿಕೆಗೆ ದಾರಿ ಮಾಡಿದವರು ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ಎಂಜಿನಿಯರುಗಳು. ಅಲ್ಲಿಯತನಕ ಯಂತ್ರದ ದನಿಗೆ ಕಹಳೆಯೇ ಗತಿ. 1925ರಲ್ಲಿ ಅವರು ಕಹಳೆಯಿಲ್ಲದ, ಕಾಗದದ ಶಂಕುವಿನ ಸ್ಪೀಕರನ್ನು ವಿವರಿಸಿದರು. ಅದಕ್ಕೊಂದು ತೊಡಕಿತ್ತು. ಶಂಕು ಮುಂದಕ್ಕೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಬೆನ್ನಿನ ಗಾಳಿ ಸಡಿಲಗೊಳ್ಳುತ್ತದೆ. ಇವೆರಡೂ ಅಂಚು ಸುತ್ತಿ ಬಂದು ಸೇರಿದರೆ ಒಂದನ್ನೊಂದು ನುಂಗುತ್ತವೆ. ದಪ್ಪ ಸ್ವರಗಳೇ ಮೊದಲು ಹೋಗುತ್ತವೆ. ನಡುವೆ ಅಗಲವಾದ ಹಲಗೆ ಇಟ್ಟರೆ ಸುತ್ತುದಾರಿ ಉದ್ದವಾಗುತ್ತದೆ. ಒಂದು ಮೀಟರು ಅಗಲದ ಹಲಗೆಯಾದರೆ ಸೆಕೆಂಡಿಗೆ ಸುಮಾರು 170 ಕಂಪನಗಳವರೆಗೆ ದನಿ ತುಂಬಿಕೊಂಡಿರುತ್ತದೆ. ಅಲ್ಲಿಂದ ಕೆಳಗೆ ಒಂದೊಂದು ಸಪ್ತಕ ಇಳಿದಾಗಲೂ ಅದರ ಒತ್ತಡ ಅರ್ಧಕ್ಕೆ ಇಳಿಯುತ್ತ ಹೋಗುತ್ತದೆ.

ಬೆಂಗಳೂರಿನ ಆಕಾಶವಾಣಿ ಕೇಂದ್ರ 1955ರಲ್ಲಿ ಆರಂಭವಾಯಿತು. ಎಪ್ಪತ್ತು ಕಿಲೋಮೀಟರು ದೂರದ ತುಮಕೂರು, ಕುಣಿಗಲ್ಲುಗಳ ಸ್ಥಿತಿವಂತರ ಮನೆಗೆ ರೇಡಿಯೊ ಬಂತು; ಅದಕ್ಕೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣವನ್ನೂ ಕಟ್ಟಬೇಕಿತ್ತು. ಕುಣಿಗಲ್ಲಿನ ನನ್ನ ಸೋದರಮಾವನ ಮನೆಯ ರೇಡಿಯೊದೊಳಕ್ಕೆ ಹಲ್ಲಿ ನುಗ್ಗುತ್ತದೆಂದು ಮಾವ ಒಂದು ದಿನ ಹಿಂಬದಿಗೆ ಗಟ್ಟಿ ಹಲಗೆ ಹೊಡೆದುಬಿಟ್ಟರು. ಅಂದಿನ ವಾರ್ತೆ ಗುಡಾಣದೊಳಗೆ ಕೂತು ಓದಿದಂತೆ ಕೇಳಿಸಿತು. ನಾಲ್ಕು ದಿನಕ್ಕೆ ಒಳಗಿನ ವಾಲ್ವು ಕಾವೇರಿ ಸುಟ್ಟಿತು. ರಿಪೇರಿಯವರು ಮೊದಲು ಮಾಡಿದ ಕೆಲಸ ಆ ಹಲಗೆ ಕಿತ್ತದ್ದು. ಮಾವನಿಗೆ ಹಲ್ಲಿಯ ಚಿಂತೆ ಹೋಗಲಿಲ್ಲವಾದರೂ ಹಾಡು ಮತ್ತೆ ಹಜಾರಕ್ಕೆ ಬಂತು.

ಹಾಗಿದ್ದರೆ ಜಗತ್ತು ಪೆಟ್ಟಿಗೆಯ ಮೊರೆ ಹೋದದ್ದೇಕೆ? ಜಾಗದ ಅಭಾವಕ್ಕೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತ ಪುಟ್ಟ ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿ ಆಳವಾದ ಮಂದ್ರವನ್ನು ಹೊರಡಿಸಿದ. 1958ರಲ್ಲಿ ಸ್ಟೀರಿಯೊ ತಟ್ಟೆಗಳು ಬಂದವು. ಒಂದರ ಬದಲು ಎರಡು ಸ್ಪೀಕರು ಇಡಬೇಕಾದಾಗ ಮನೆಯೊಡತಿ ಒಪ್ಪುವುದು ಚಿಕ್ಕ ಪೆಟ್ಟಿಗೆಯನ್ನೇ ತಾನೆ! ನಮ್ಮಲ್ಲೂ ಟ್ರಾನ್ಸಿಸ್ಟರು, ಟೇಪ್‌ರೆಕಾರ್ಡರು ಬಂದಮೇಲೆ ತೆರೆದ ಬೆನ್ನು ಮರೆಯಾಯಿತು.

ಎಲ್ಲರೂ ಆ ಹಾದಿ ಹಿಡಿಯಲಿಲ್ಲ. ಇಂಗ್ಲೆಂಡಿನ ಪೀಟರ್ ವಾಕರ್ 1957ರಲ್ಲಿ ಮಾರುಕಟ್ಟೆಗೆ ತಂದ ಕ್ವಾಡ್ ಸ್ಪೀಕರಿನಲ್ಲಿ ಶಂಕುವೇ ಇಲ್ಲ. ತೂತಿರುವ ಎರಡು ಫಲಕಗಳ ನಡುವೆ ತೆಳು ಪೊರೆಯೊಂದನ್ನು ಎಳೆದು ಕಟ್ಟಿ, ಸಾವಿರಾರು ವೋಲ್ಟಿನ ವಿದ್ಯುದಾವೇಶ ಕೊಟ್ಟು ಅದನ್ನೇ ಹಾಡಿಸಿದರು. 1969ರಲ್ಲಿ ಅಮೆರಿಕದ ಜಿಮ್ ವೈನಿ ಆರಂಭಿಸಿದ ಮ್ಯಾಗ್ನೆಪ್ಯಾನ್ ಸಂಸ್ಥೆ ಪೊರೆಗೆ ತಂತಿ ಅಂಟಿಸಿ, ಅಯಸ್ಕಾಂತಗಳ ಎದುರು ನಿಲ್ಲಿಸಿತು. ಇವು ಪ್ಲೇನರ್, ಅಂದರೆ ಚಪ್ಪಟೆ ಸ್ಪೀಕರುಗಳು. ಇವೂ ಮುಂದಕ್ಕೂ ಹಿಂದಕ್ಕೂ ಸಮನಾಗಿ ದನಿ ಬಿಡುವುದರಿಂದ ನಮ್ಮ ರೇಡಿಯೊದ ದಾಯಾದಿಗಳೇ. ಹಲಗೆಯ ಸ್ಪೀಕರಿಗೆ ಮತ್ತೆ ಶಾಸ್ತ್ರೀಯ ನೆಲೆ ಕೊಟ್ಟವರಲ್ಲಿ 2018ರಲ್ಲಿ ನಿಧನರಾದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಮುಖ್ಯರು.

ಈಗ ನಿಮ್ಮ ಆಯ್ಕೆ. ಅಂಗಡಿಗೆ ಹೋಗುವ ಮೊದಲು ಹಜಾರವನ್ನು ಅಳೆಯಿರಿ. ಈ ಸ್ಪೀಕರುಗಳ ದನಿ ಪಕ್ಕಕ್ಕೆ ಅಷ್ಟಾಗಿ ಚೆಲ್ಲುವುದಿಲ್ಲ. ಎದುರಿಗೆ ಅಷ್ಟೇ ಜೋರಾಗಿ ಕೇಳಿಸಿದರೂ, ಎಲ್ಲ ದಿಕ್ಕಿಗೂ ದನಿ ಬಿಡುವ ಸ್ಪೀಕರು ಕೋಣೆಗೆ ಸುರಿಯುವ ಶಕ್ತಿಯಲ್ಲಿ ಮೂರನೆಯ ಒಂದು ಭಾಗವನ್ನಷ್ಟೇ ಇವು ಸುರಿಯುತ್ತವೆ. ತುಮಕೂರಿನ ಹೊಸ ಬಡಾವಣೆಗಳ ಸಿಮೆಂಟು ಗೋಡೆ, ನುಣುಪು ನೆಲದ ಮನೆಗಳಲ್ಲಿ ಮಾರ್ದನಿಯ ಕಾಟ ಇದರಿಂದ ತಗ್ಗುತ್ತದೆ. ಆದರೆ ಬೆನ್ನ ಹಿಂದಿನ ಗೋಡೆಗೆ ಮೂರು ಅಡಿಯಾದರೂ ಅಂತರ ಬೇಕು. ಇಲ್ಲವಾದರೆ ಗೋಡೆಗೆ ಬಡಿದು ಮರಳುವ ದನಿ ಮೂಲದ ಮೇಲೆ ಬಿದ್ದು ಮಾತು ಕಲಸಿಹೋಗುತ್ತದೆ. ಮೂವತ್ತು-ನಲವತ್ತರ ನಿವೇಶನದ ಮನೆಯಲ್ಲಿ ಮೂರು ಅಡಿ ಬಿಡುವುದು ಸಣ್ಣ ಮಾತಲ್ಲ. ಬಿಡಲಾಗದಿದ್ದರೆ ಪೆಟ್ಟಿಗೆಯ ಸ್ಪೀಕರನ್ನೇ ಕೊಳ್ಳಿ, ಮುಜುಗರ ಬೇಡ. ಕುಣಿಗಲ್ಲಿನಲ್ಲೋ ಗುಬ್ಬಿಯಲ್ಲೋ ಹಳೆಯ ತೊಟ್ಟಿಮನೆ ಇನ್ನೂ ಉಳಿದಿರುವವರು ಪುಣ್ಯವಂತರು. ಅಲ್ಲಿ ಜಾಗಕ್ಕೆ ಬರವಿಲ್ಲ.

ಎರಡನೆಯದು, ನೀವು ಕೇಳುವುದೇನು? ರಂಗಗೀತೆ, ವಚನ ಗಾಯನ, ಕುಣಿಗಲ್ ಕೆರೆಯ ಜನಪದ ಹಾಡು ಎಂದಾದರೆ ತೆರೆದ ಹಲಗೆಯೇ ಸರಿ ಎಂದು ನನ್ನ ಅಭಿಪ್ರಾಯ. ಹಾಡುವವರು ಎದುರಿಗೇ ನಿಂತಂತಿರುತ್ತದೆ. ಡೊಳ್ಳು, ತಮಟೆಯ ಪೆಟ್ಟು ಎದೆಗೆ ತಾಕಬೇಕೆನ್ನುವವರಿಗೆ ಇದು ಸಪ್ಪೆ. ಅಂಥವರು ಮಂದ್ರಕ್ಕೆಂದೇ ಬೇರೊಂದು ಪೆಟ್ಟಿಗೆ ಜೋಡಿಸಿಕೊಳ್ಳಬೇಕಾದೀತು.

ಚಪ್ಪಟೆ ಸ್ಪೀಕರಿನ ಸೂಕ್ಷ್ಮತೆಗೆ ಸಾಟಿಯಿಲ್ಲ, ನಿಜ. ಆದರೆ ಅದಕ್ಕೆ ಬಲವಾದ ಆಂಪ್ಲಿಫೈಯರು ಬೇಕು. ಆವೇಶವುಳ್ಳ ಪೊರೆ ಧೂಳನ್ನು ಸೆಳೆಯುತ್ತದೆ, ಬಿ.ಎಚ್. ರಸ್ತೆಯ ಪಕ್ಕದ ಮನೆಯವರು ಈ ಬಗ್ಗೆ ಎರಡು ಸಲ ಯೋಚಿಸಲಿ. ಹಲಗೆಯದಾದರೆ ನಿಮ್ಮೂರಿನ ಬಡಗಿಯೇ ಮುಕ್ಕಾಲು ಅಂಗುಲದ ಪ್ಲೈವುಡ್ಡಿನಲ್ಲಿ ಮಾಡಿಕೊಡಬಲ್ಲ. ಸ್ಪೀಕರು ಕೊಳ್ಳುವಾಗ ಅಂಗಡಿಯವರು ದೊಡ್ಡ ಅಯಸ್ಕಾಂತ ತೋರಿಸಿ ಮೆಚ್ಚಿಸಲು ನೋಡಬಹುದು. ಪೆಟ್ಟಿಗೆಗೆ ಅದು ಗುಣ, ತೆರೆದ ಹಲಗೆಗೆ ಅಲ್ಲ. ಬಿಗಿ ಹಿಡಿತದ ಶಂಕು ಇಲ್ಲಿ ಮಂದ್ರವನ್ನು ಇನ್ನಷ್ಟು ಕಳೆಯುತ್ತದೆ. ಹನ್ನೆರಡು ಅಂಗುಲದ, ಸಾಧಾರಣ ಅಯಸ್ಕಾಂತದ ಕಾಗದದ ಶಂಕು ಕೇಳಿ ಪಡೆಯಿರಿ. ಅದನ್ನು ಹಲಗೆಯ ನಟ್ಟನಡುವೆ ಕೂರಿಸದೆ ಸ್ವಲ್ಪ ಒಂದು ಪಕ್ಕಕ್ಕೆ ಸರಿಸಿ ಕೂರಿಸಲು ಬಡಗಿಗೆ ಹೇಳಿ. ಆಗ ಸುತ್ತುದಾರಿಗಳು ಒಂದೇ ಅಳತೆಯವಾಗದೆ ದನಿಯ ಏರುಪೇರು ಕಡಿಮೆಯಾಗುತ್ತದೆ.